ಚಿಕ್ಕವ್ವನ ಕುಂಬಳಬಳ್ಳಿ

ಕುಂಬಳದ ಹೂವನ್ನು ಸೀಳಿದಾಗ ಬರುವ ಹಸಿ ವಾಸನೆಗೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ. ಬೆಂಗಳೂರಿನ ಕಾಲೇಜಿನಲ್ಲಿ ಮೇಷ್ಟರು ಎರಡು ಹೂಗಳನ್ನು ಕೊಯ್ದು ಅಕ್ಕಪಕ್ಕ ಇಟ್ಟ ದಿನ, ಕ್ಲೋಸ್‌ಪೇಟೆಯ ಹತ್ತಿರ ಅರ್ಕಾವತಿ ದಡದಲ್ಲಿದ್ದ ನಮ್ಮ ಮನೆಯ ಹಿತ್ತಲು ಆ ಮೇಜಿನ ಮೇಲೆಯೇ ಎದ್ದು ನಿಂತಿತು. ಉದ್ದ ತೊಟ್ಟಿನ ಹೂವಿನಲ್ಲಿ ತಳದ ಹಸಿರು ಪುಷ್ಪಪಾತ್ರೆಯಿದೆ, ದಳಗಳಿವೆ, ನಡುವೆ ಪರಾಗ ಮೆತ್ತಿದ ಕೇಸರವಿದೆ, ಅಂಡಾಶಯವಿಲ್ಲ. ಅದು ಗಂಡು. ದಳಗಳ ಕೆಳಗೆ ಗೋಲಿಯಷ್ಟು ಕಾಯಿ ಹೊತ್ತದ್ದು ಹೆಣ್ಣು. ಗಂಡಿನ ಪರಾಗ ಜೇನ್ನೊಣದ ಮೈಗಂಟಿ ಬಂದು ಅದರ ನಡುವಿನ ಅಂಟುತುದಿಯಾದ ಶಲಾಕಾಗ್ರವನ್ನು ಮುಟ್ಟದಿದ್ದರೆ ಆ ಕಾಯಿ ಹಳದಿಯಾಗಿ ಉದುರುತ್ತದೆ.

ನಮ್ಮ ಮನೆಗೆ ಬಂದ ಪ್ರತಿ ಸೊಸೆಯೂ ಒಂದು ಕುಂಬಳದ ಬೀಜ ಊರಬೇಕಿತ್ತು; ಬಳ್ಳಿ ಕಾಯಿ ಬಿಟ್ಟರೆ ಅವಳ ಕೈ ಒಳ್ಳೆಯದು, ಇಲ್ಲದಿದ್ದರೆ ಕೆಟ್ಟದ್ದು ಎಂಬ ನಂಬಿಕೆ. ನನ್ನ ಅವ್ವನದು ಹೊಲದ ಬದುವಿನಲ್ಲಿ ಹಬ್ಬಿ, ಯಾರ ಕೈಯೂ ತಾಗದೆ ಕಾಯಿ ಬಿಟ್ಟಿತ್ತು. ಚಿಕ್ಕಪ್ಪನ ಹೆಂಡತಿ ಚಿಕ್ಕವ್ವ ಊರಿದ್ದು ಹಿತ್ತಲಲ್ಲಿ, ಅಜ್ಜಿಯ ಕಣ್ಣೆದುರಿಗೆ. ಅವಳಿಗೆ ಮಕ್ಕಳಾಗಿರಲಿಲ್ಲ, ಬಳ್ಳಿಯಾದರೂ ಫಲಿಸಲಿ ಎಂದು ಅಜ್ಜಿ ಬೆಳಕು ಹರಿಯುವ ಮೊದಲೇ ಉದ್ದ ತೊಟ್ಟಿನ ಹೂಗಳನ್ನೆಲ್ಲ ಕಿತ್ತು ಮಡಿಲು ತುಂಬಿಕೊಳ್ಳುತ್ತಿದ್ದಳು. "ಪೊಳ್ಳು ಹೂವ ಕಣ್ಲಾ ಇವು. ಬಳ್ಳಿ ಸತ್ವ ಎಲ್ಲಾ ತಿಂದಾಕ್ತವೆ," ಎನ್ನುತ್ತಿದ್ದಳು. ಅವುಗಳ ಪಲ್ಯ ನಮಗೆಲ್ಲ ಇಷ್ಟ. ಎಳೆಗಾಯಿಗಳು ಒಂದೊಂದಾಗಿ ಉದುರಿದವು. ಮರುವರ್ಷವೂ ಹಾಗೇ ಆಯಿತು.

"ಬೀಜ ನಂದು, ಮಣ್ಣು ನಂದು. ಕೈ ಯಾರ್ದು ಅಂತ ನೀನೇ ಏಳಮ್ಮಿ," ಎಂದಳು ಅಜ್ಜಿ.

ಚಿಕ್ಕವ್ವ ಗಂಡನ ಕಡೆ ನೋಡಿದಳು. ಚಿಕ್ಕಪ್ಪ ಎಲೆಗೆ ಸುಣ್ಣ ಸವರುತ್ತ ಕುಳಿತಿದ್ದ.

ಅಂದು ಇಳಿಹೊತ್ತಿನಲ್ಲಿ ಅವಳು ನನ್ನ ಕೈ ಹಿಡಿದು ಬಾವಿಕಟ್ಟೆ ಹತ್ತಿದಳು. ಅವಳ ಒಂದು ಕಾಲು ಕಲ್ಲಿನಾಚೆ ಇತ್ತು. ಕೆಳಗೆ ನೀರು ಕಪ್ಪಗೆ ಅಲುಗದೆ ನಿಂತಿತ್ತು. "ಎದ್ರಿಕೆ ಆಯ್ತದಾ, ಮಗ?" ಎಂದಳು. ನಾನು ಅಳಲೂ ಇಲ್ಲ, ಕೈ ಬಿಡಲೂ ಇಲ್ಲ. ಎಷ್ಟೋ ಹೊತ್ತಿನ ಮೇಲೆ ಅವಳಾಗಿಯೇ ಕೆಳಗಿಳಿದಳು. ನನ್ನನ್ನು ಜೊತೆಗೆ ಕರೆದೊಯ್ಯಲು ಕೈ ಹಿಡಿದಿದ್ದಳೋ, ತನ್ನನ್ನು ಯಾರಾದರೂ ತಡೆಯಲಿ ಎಂದು ಹಿಡಿದಿದ್ದಳೋ, ನನಗೆ ಇಂದಿಗೂ ತಿಳಿಯದು. ಆ ವಾರವೇ ಅವಳ ತಮ್ಮ ಬಂದು ಅವಳನ್ನು ಕನಕಪುರಕ್ಕೆ ಕರೆದೊಯ್ದ. ಚಿಕ್ಕಪ್ಪ ಇನ್ನೊಂದು ಮದುವೆಯಾದ.

ಮೇಷ್ಟರು ಹೂ ಕೊಯ್ದ ದಿನವೇ ಕಾಲೇಜಿನಿಂದ ಊರಿಗೆ ಓಡಿ ಬಂದೆ. ಅಜ್ಜಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಹೊಳೆಯ ಮರಳಿನಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದ, ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ್ದ ಚಿಕ್ಕಪ್ಪನಿಗೆ ಹೂವಿನ ವಿಷಯವನ್ನು ಏದುಸಿರು ಬಿಡುತ್ತ ಹೇಳಿದೆ. ಅವನು ನಕ್ಕ.

"ಇದನ್ನ ಓದಾಕೆ ಬೆಂಗಳೂರ್ಗೆ ಓಗಿದ್ದೇನ್ಲಾ? ಕಲ್ಲಂಗಡಿ ಬೆಳ್ಯೋನ್ಗೆ ಗಂಡು ಹೂವ ಗೊತ್ತಿಲ್ದೆ ಇದ್ದಾತಾ?"

"ಮತ್ಯಾಕೆ ಸುಮ್ಕಿದ್ದೆ?"

"ಇನ್ನೊಂದ್ ಮದ್ವೆಗೆ ಆ ಕಡೆ ಹೆಣ್ಣು ನೋಡಿ ಆಗಿತ್ತು. ನಿಮ್ಮಜ್ಜಿನೂ ಒಪ್ಪಿದ್ಲು. ನಾನ್ಯಾಕೆ ಬಾಯಾಕ್ಲಿ?"

ಮರುದಿನವೇ ಕನಕಪುರಕ್ಕೆ ಹೋದೆ. ತಡವಾಗಿತ್ತು, ಚಿಕ್ಕವ್ವ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ತನ್ನ ಕೈ ಕೆಟ್ಟದ್ದೆಂದು ಅವಳು ಕೊನೆಯವರೆಗೂ ನಂಬಿದ್ದಳಂತೆ. ತಮ್ಮನ ಮಕ್ಕಳು ತೊಡೆಯೇರಲು ಬಂದಾಗಲೆಲ್ಲ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂರುತ್ತಿದ್ದಳಂತೆ.