ಮಾವನವರ ಗಾಳದ ಕೋಲುಗಳು

ನನ್ನ ಮಾವನವರ ಬಲಗೈಯ ತೋರುಬೆರಳಿನ ತುದಿಯಲ್ಲಿ ಒಂದು ಗೀರು ಇತ್ತು. ಶಹಾಪುರದ ಮಗ್ಗದ ಶೆಡ್ಡಿನಲ್ಲಿ ನಲವತ್ತು ವರ್ಷ ಕಡಿದ ಎಳೆಗಳನ್ನು ಎಳೆದು ಗಂಟು ಹಾಕಿ ಹಾಕಿ, ಚರ್ಮದಲ್ಲಿ ದಾರ ಕೂರುವಷ್ಟು ತಗ್ಗು ಬಿದ್ದಿತ್ತು. ಊಟಕ್ಕೆ ಕೂತರೆ ರೊಟ್ಟಿ ಮುರಿಯುವ ಮೊದಲು ಆ ಬೆರಳನ್ನು ಹೆಬ್ಬೆರಳಿನಿಂದ ಒಮ್ಮೆ ತಿಕ್ಕಿಕೊಳ್ಳುವುದು ಅವರ ರೂಢಿ. ನಾನು ಸೊಸೆಯಾಗಿ ಶಿವಬಸವ ನಗರದ ಆ ಮನೆಗೆ ಬಂದಾಗ ಮಗ್ಗಗಳನ್ನು ಮಾರಿ ಎರಡು ವರ್ಷವಾಗಿತ್ತು. ಬೆರಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ನಾನು ಖಾನಾಪುರದವಳು, ಮೀನು ತಿನ್ನುವ ಮನೆಯವಳು. ಮೆಚ್ಚಿ ಮದುವೆಯಾಗಿ ಹೋಗಿದ್ದು ಲಿಂಗಪೂಜೆ ಆಗದೆ ಒಲೆ ಹಚ್ಚದ ಮನೆಗೆ. ಮದುವೆಯ ದಿನದಿಂದಲೇ ಮೀನು ಬಿಟ್ಟೆ. ಯಾರೂ ಬಿಡು ಅಂದಿರಲಿಲ್ಲ. ಅನ್ನುವ ಮೊದಲೇ ಬಿಟ್ಟರೆ ಮಾನ ಉಳಿಯುತ್ತದೆ ಎಂಬ ಜಾಣತನ ನನ್ನದು. ಅತ್ತೆಯವರು ಕೆಟ್ಟವರಲ್ಲ. ಆದರೆ ನಾನು ಮುಟ್ಟಿದ ಪಾತ್ರೆಯನ್ನು ಅವರು ಇನ್ನೊಂದು ಸಲ ತೊಳೆಯುವುದನ್ನು ನಿಲ್ಲಿಸಲಿಕ್ಕೆ ಒಂದೂವರೆ ವರ್ಷ ಹಿಡಿಯಿತು. ಆಮೇಲೆ ನನಗೆ ಅವರು ಎಣ್ಣೆಗಾಯಿ ಮಾಡುವುದನ್ನು ಕಲಿಸಿದರು. ಆ ಮನೆಯಲ್ಲಿ ನನ್ನ ಜಾಗ ಅಂತ ಇದ್ದದ್ದು ಅಷ್ಟೇ, ಅದನ್ನು ಕಳೆದುಕೊಳ್ಳುವ ಹೆದರಿಕೆ ನನಗೆ ಸದಾ ಇತ್ತು.

ನನ್ನ ನೌಕರಿ ಖಾನಾಪುರದ ಒಂದು ಕಚೇರಿಯಲ್ಲಿ. ಬೆಳಗಿನ ರೈಲು ಹಿಡಿದು ಹೋಗಿ ಬರುತ್ತಿದ್ದೆ. ಮಾವನವರೂ ಶನಿವಾರ ಖಾನಾಪುರಕ್ಕೆ ಹೋಗುತ್ತಿದ್ದರು, ಹಿಂದೆ ತಮ್ಮ ಶೆಡ್ಡಿನಲ್ಲಿ ಮಗ್ಗ ನಡೆಸುತ್ತಿದ್ದ ಮುದುಕನೊಬ್ಬನನ್ನು ಮಾತಾಡಿಸಲು. ಮನೆಯಲ್ಲಿ ಎಲ್ಲರೂ ನಂಬಿದ್ದು ಹಾಗೆ. ಒಂದು ಶನಿವಾರ ರೈಲಿನ ಗದ್ದಲದಲ್ಲಿ ಅವರು ಬಾಗಿಲ ಹತ್ತಿರ ನಿಂತಿದ್ದು ಕಂಡಿತು. ಹೆಗಲಿಗೆ ಆನಿಸಿಕೊಂಡ ಮೂರು ಉದ್ದನೆಯ ಗವಸುಗಳು. ಕೆಂಪು, ಹಸಿರು, ಹಳದಿ. ಬಾಜು ನಿಂತವನು ಕೇಳಿದ, "ಯಾವ ವಾದ್ಯಾರೀ ಕಾಕಾ ಇದು?"

"ತಂತಿ ಐತಿ, ಸ್ವರ ಇಲ್ಲ," ಅಂದರು ಮಾವನವರು. ಹಾಗೆನ್ನುತ್ತಲೇ ನನ್ನನ್ನು ನೋಡಿದರು. ಅವರ ಮುಖ ಸಾಲಿ ತಪ್ಪಿಸಿ ಸಿಕ್ಕಿಬಿದ್ದ ಹುಡುಗನದಾಯಿತು.

ಖಾನಾಪುರದಲ್ಲಿ ಇಳಿದ ಮೇಲೆ ಅವರೇ ಹೇಳಿದರು. ಗವಸಿನಲ್ಲಿದ್ದದ್ದು ಗಾಳದ ಕೋಲುಗಳು. ಆ ಮುದುಕನ ಹತ್ತಿರ ಒಂದು ಸಣ್ಣ ದೋಣಿ ಇತ್ತು. ಮಲಪ್ರಭೆಯ ಬಂಧಾರದ ಒಡ್ಡಿನ ಹಿಂದೆ ನೀರು ನಿಂತ ಕಡೆ ಇಬ್ಬರೂ ಕೂತು ಮೀನು ಹಿಡಿಯುತ್ತಿದ್ದರು. ಸಿಕ್ಕ ಮೀನೆಲ್ಲ ಮುದುಕನ ಮನೆಗೆ. ಇವರು ಬಾಯಿಗಿಡುವುದು ಹೋಗಲಿ, ಗಾಳದಿಂದ ಬಿಡಿಸುವಾಗಲೂ ಕಣ್ಣು ಬೇರೆ ಕಡೆ ಇಡುತ್ತಿದ್ದರಂತೆ.

"ಮತ್ತ ಯಾಕ ಹಿಡೀತೀರ್ರಿ ಮಾವಾರ?" ಅಂದೆ.

"ಮಗ್ಗ ಹೋದ ಮ್ಯಾಲ ಕೈಯಾಗ ದಾರದ ಬಿಗಿ ಇಲ್ಲದಂಗಾಗಿತ್ತವ್ವಾ. ನಿದ್ದಿ ಬರ್ತಿದ್ದಿಲ್ಲ. ನೀರಾಗ ದಾರಾ ಬಿಟ್ಟಕೊಂಡು ಕುಂತ್ರ, ಆ ಕಡೆ ಯಾರೋ ಎಳದಂಗ ಆಗತೈತಿ. ಅಷ್ಟ." ಗವಸುಗಳನ್ನು ಮತ್ತೆ ಹೆಗಲಿಗೇರಿಸಿ, "ನಿಮ್ಮ ಅತ್ತೀಗೆ ಹೇಳಬ್ಯಾಡ," ಅಂದರು.

ನನಗೆ ನಿಜವಾಗಿಯೂ ಖುಷಿಯಾಯಿತು. ಆ ಮನೆಯಲ್ಲಿ ನನ್ನನ್ನು ನಂಬಿ ಒಂದು ಗುಟ್ಟು ಕೊಟ್ಟವರು ಅವರೇ ಮೊದಲು.

ರಜೆಯಿದ್ದ ಶನಿವಾರಗಳಂದು ಕಚೇರಿಯಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿ ನಾನೂ ನಾಲ್ಕೈದು ಸಲ ದೋಣಿಯಲ್ಲಿ ಕೂತೆ. ಗಾಳ ಹಾಕಲಿಲ್ಲ. ಕೋಲು ಸಾಗಿಸುವ ಕೆಲಸ ನನ್ನದು. ಅದು ಸಣ್ಣ ಕೆಲಸ ಅಂದುಕೊಂಡಿದ್ದೆ; ಅವರ ಕೈಕೆಳಗೆ ಯಾವ ಕೆಲಸವೂ ಸಣ್ಣದಿರಲಿಲ್ಲ. ಮಗ್ಗದ ಹಾಸಿನ ಕೊನೆಯಲ್ಲಿ ಉಳಿದ ಎಳೆಗಳಿಂದ, ಮಗ್ಗ ಮಾರುವ ಹಿಂದಿನ ವಾರ, ಅವರೇ ನೇಯ್ದಿಟ್ಟ ಬಟ್ಟೆಯಲ್ಲಿ ಆಮೇಲೆ ಹೊಲಿದ ಗವಸುಗಳವು. ದಂಡೆಯಲ್ಲಿ ಗವಸು ಬಿಚ್ಚಬಾರದು, ಮರಳು ಸೇರುತ್ತದೆ. ದೋಣಿಗೆ ಮನುಷ್ಯರು ಹತ್ತುವ ಮೊದಲು ಕೋಲು ಹತ್ತಬೇಕು. ದೋಣಿಯ ಒಳಬದಿಗೆ ಮಗ್ಗದ ಹಳೆಯ ಕಟ್ಟಿಗೆಯ ಎರಡು ತುಂಡು ಹೊಡೆದು, ಅದರಲ್ಲಿ ಕಚ್ಚು ಕೊರೆದಿದ್ದರು. ದಪ್ಪ ತುದಿ ಹಿಂದೆ, ಸಣ್ಣ ತುದಿ ಮುಂದೆ, ಮೂರೂ ಕೋಲು ಆ ಕಚ್ಚುಗಳಲ್ಲಿ ಮಲಗಬೇಕು. ಕೊಕ್ಕೆಗಳನ್ನು ಬಿಚ್ಚಿ ಗುಳಿಗೆಯ ಡಬ್ಬಿಯಲ್ಲಿ ಹಾಕಬೇಕು. ಮೊದಲ ದಿನ ನಾನು ಒಂದು ಕೋಲನ್ನು ಹೊರಗೆ ಚಾಚಿಸಿಟ್ಟೆ. ದೋಣಿ ದಂಡೆಗೆ ತಾಗಿದಾಗ ತುದಿ ಬಿಲ್ಲಿನಂತೆ ಬಾಗಿತು. ಅವರು ಬಯ್ಯಲಿಲ್ಲ. ಕೋಲನ್ನು ಒಳಗೆಳೆದು, "ದೋಣಿ ಎಲ್ಲಿ ಮುಗೀತೈತಿ ಅನ್ನೂದು ಕೋಲಿಗೆ ಗೊತ್ತಿರೂದಿಲ್ಲವ್ವಾ, ನಮಗ ಗೊತ್ತಿರಬೇಕು," ಅಂದರು.

ವಾರದ ಉಳಿದ ದಿನ ಕೋಲುಗಳು ಇರುತ್ತಿದ್ದದ್ದು ಶಹಾಪುರದ ಹಳೆಯ ಶೆಡ್ಡಿನ ಮೂಲೆಕೋಣೆಯಲ್ಲಿ. ನನ್ನ ಮದುವೆಯಾದ ನಾಲ್ಕನೆಯ ವರ್ಷ ಆ ಕೋಣೆಯನ್ನೂ ಬಿಡಬೇಕಾಯಿತು. ಬೇರೆ ಜಾಗ ಸಿಗುವವರೆಗೆ ಮನೆಯ ಅಟ್ಟದ ಮೇಲಿಡೋಣ ಅಂದವಳು ನಾನು. ಮಾವನವರ ಮೊಣಕಾಲಿನ ಆಪರೇಶನ್ ಆಗಿ ವರ್ಷ ತುಂಬಿರಲಿಲ್ಲ, ಹಾಗಾಗಿ ಅತ್ತೆ ಹೊರಗೆ ಹೋದಾಗ ಏಣಿ ಹತ್ತಿ ಇಟ್ಟವಳೂ ನಾನೇ. ಎರಡು ಗವಸು ಗೋಡೆಗೆ ಆತು ಕೂತವು. ಹಳದಿಯದರ ತುದಿ ಮಾತ್ರ ಒಂದು ಗೇಣು ಹೊರಗೆ ಉಳಿದದ್ದನ್ನು ನಾನು ಗಮನಿಸಲಿಲ್ಲ.

ಹತ್ತು ದಿನವೂ ಆಗಿರಲಿಕ್ಕಿಲ್ಲ. ಬೆಳಿಗ್ಗೆ ಹಿತ್ತಲಿಗೆ ಹೋದರೆ ಅತ್ತೆಯವರು ಸಂಪಿಗೆ ಮರದ ಕೆಳಗೆ ನಿಂತಿದ್ದರು. ಕೈಯಲ್ಲಿ ಅಟ್ಟದ ಹಳದಿ ಗವಸಿನಲ್ಲಿದ್ದ, ಒಂದರೊಳಗಿಂದ ಒಂದು ಹೊರಬರುವ ಗಾಳದ ಕೋಲು, ಪೂರ್ತಿ ಉದ್ದಕ್ಕೆ ಎಳೆದು, ತುದಿಗೆ ತಂತಿಯ ಕೊಕ್ಕೆ ಕಟ್ಟಿಕೊಂಡಿದ್ದರು. ಮೇಲಿನ ಕೊಂಬೆಯ ಹೂವು ಒಂದೊಂದಾಗಿ ಸೆರಗಿಗೆ ಬೀಳುತ್ತಿದ್ದವು. ಮಾವನವರನ್ನೂ ನನ್ನನ್ನೂ ಬಿಟ್ಟರೆ ಆ ಮನೆಯಲ್ಲಿ ಯಾರೂ ಜನ್ಮದಲ್ಲಿ ಗಾಳದ ಕೋಲು ನೋಡಿದವರಲ್ಲ.

"ನೋಡಲ್ಲಿ, ಹೂ ಹರಿಯೂ ಕೋಲು ತಂದಿಟ್ಟಾರ," ಅಂದರು, ಮುಖವೆಲ್ಲ ಅರಳಿಸಿಕೊಂಡು. "ಎರಡು ವರ್ಷದಿಂದ ಹೇಳಾಕತ್ತಿದ್ನಿ. ತಂದು ಬಾಯಿ ಬಿಟ್ಟು ಹೇಳಿಲ್ಲ ನೋಡು, ಹಂಗ ಅವರು."

ಅವರ ಹಿಂದೆಯೇ ಒಳಗೆ ಹೋದೆ. ಮಾವನವರು ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದರು. ಅತ್ತೆ ಹೂವಿನ ತಟ್ಟೆ ಮುಂದಿಟ್ಟು, "ನೀವು ತಂದ ಕೋಲಿಲೇನ ಹರದೀನ್ರಿ," ಅಂದರು. ಬಾಗಿಲ ಹೊರಗೆ ಒರಗಿಸಿದ್ದ ಕೋಲು ಅವರಿಗೂ ಕಾಣುತ್ತಿತ್ತು. ಮಾವನವರು ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಅವರು ಸುಮ್ಮನಿರಲಿ ಎಂದೇ ನಾನು ಬೇಡಿಕೊಳ್ಳುತ್ತಿದ್ದೆ. ಅವರು ಒಂದು ಹೂವು ಎತ್ತಿ ಮತ್ತೆ ತಟ್ಟೆಯಲ್ಲಿಟ್ಟರು.

"ಈ ಹೂವು ಏರಸಾಕ ಬರೂದಿಲ್ಲ. ಅದು ಮೀನಿನ ಗಾಳದ ಕೋಲು. ನಂದ. ಮಗ್ಗ ಮಾರಿದಾಗಿಂದ ಖಾನಾಪುರದಾಗ ಹಿಡಿಯಾಕತ್ತೀನಿ. ನಿನಗ ಹೇಳಿಲ್ಲ, ತಪ್ಪಾತು."

ಅತ್ತೆ ಕೇಳಿದ್ದು ಒಂದೇ. "ಅಟ್ಟದ ಮ್ಯಾಲ ಯಾರು ಇಟ್ರು?"

ನಾನು ಬಾಗಿಲಲ್ಲೇ ನಿಂತಿದ್ದೆ. ಮಾವನವರು ನನ್ನ ಕಡೆ ನೋಡಲೇ ಇಲ್ಲ. "ನಾನ ಏಣಿ ಹತ್ತಿ ಇಟ್ಟೀನಿ."

"ಆ ಮೊಣಕಾಲಿಲೆ?"

"ಹೂಂ."

ಅಂದಿನಿಂದ ಎಂಟು ದಿನ ಅತ್ತೆ ಅವರೊಡನೆ ಮಾತಾಡಲಿಲ್ಲ. ಊಟಕ್ಕೆ ಬಡಿಸಿದರು, ಗುಳಿಗೆ ನೀರು ಮುಂದಿಟ್ಟರು, ಮಾತು ಮಾತ್ರ ಇಲ್ಲ. ಹೇಳಲೇಬೇಕಾದದ್ದಿದ್ದರೆ ನನಗೆ ಹೇಳುತ್ತಿದ್ದರು, ನಾನು ಎರಡು ಹೆಜ್ಜೆ ದಾಟಿ ಮಾವನವರಿಗೆ ಹೇಳಬೇಕು. ಇಬ್ಬರೂ ಒಂದೇ ಕೋಣೆಯಲ್ಲಿ! ಮಾವನವರು ಟವೆಲ್ಲಿನ ಅಂಚಿನಿಂದ ಎಳೆ ಬಿಡಿಸುತ್ತ ಕೂರುತ್ತಿದ್ದರು. ಇಟ್ಟವಳು ನಾನು ಎಂದು ಹೇಳಲು ದಿನಕ್ಕೆ ನಾಲ್ಕು ಸಲ ಅಡುಗೆಮನೆಯ ಬಾಗಿಲವರೆಗೆ ಹೋಗಿ, ಏನೋ ಬೇಕಿತ್ತೆಂಬಂತೆ ಉಪ್ಪಿನ ಡಬ್ಬಿ ಎತ್ತಿಕೊಂಡು ಬರುತ್ತಿದ್ದೆ.

ಒಂಬತ್ತನೆಯ ದಿನ ಅತ್ತೆ ತಾವಾಗಿಯೇ ಬಾಯಿ ಬಿಟ್ಟರು. "ನೀವು ನದಿಗೆ ಹೋಗ್ರಿ, ನಾ ಬ್ಯಾಡ ಅನ್ನೂದಿಲ್ಲ. ಕೋಲು ಮಾತ್ರ ಮನ್ಯಾಗ ಬ್ಯಾಡ. ಇನ್ನೊಮ್ಮೆ ಅಟ್ಟಾ ಹತ್ತಿದ್ರ ನೋಡ್ರಿ ಮತ್ತ."

ಹೀಗೆ ಕೋಲುಗಳು ದೋಣಿಯಲ್ಲೇ ವಾಸ ಮಾಡುವುದು ಎಂದಾಯಿತು. ಮಾವನವರಿಗೆ ಮತ್ತೆ ಜೀವ ಬಂತು. ಖಾನಾಪುರದ ಪೇಟೆಯಿಂದ ನೀರಿನ ದಪ್ಪ ಪ್ಲಾಸ್ಟಿಕ್ ಪೈಪು ತಂದೆವು. ಒಂದು ಬಾಯಿಗೆ ಮುಚ್ಚಳ ಅಂಟಿಸಿ, ಇನ್ನೊಂದಕ್ಕೆ ತಿರುಗಿಸುವ ಮುಚ್ಚಳ ಹಾಕಿ, ಕೂರುವ ಹಲಗೆಯ ಕೆಳಗೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದರು. ಒಳಗೆ ಸೇರಿದ ನೀರು ಇಳಿದುಹೋಗಲು ತಗ್ಗಿನ ತುದಿಗೆ ಸಣ್ಣ ತೂತು. ಕೋಲುಗಳನ್ನು ಒರೆಸಿ, ಬಿಸಿಲಿಗೆ ಆರಿಸಿ, ಗವಸಿನ ಸಮೇತ ಅದರೊಳಗೆ ಜಾರಿಸಬೇಕು. ಮಳೆಗಾಲದಲ್ಲಿ ಪೈಪನ್ನೇ ಬಿಚ್ಚಿ ಮುದುಕನ ಮನೆಯ ಚಪ್ಪರಕ್ಕೆ ತೂಗುಹಾಕುವುದು.

ಪಟ್ಟಿ ಬಿಗಿಯಲು ಪೈಪು ಹಿಡಿದುಕೊಂಡಾಗ ಕೇಳಿಯೇಬಿಟ್ಟೆ. "ನನ್ನ ಹೆಸರು ಯಾಕ ಹೇಳಲಿಲ್ರಿ ಮಾವಾರ?"

"ನಿನ್ನ ಹೆಸರು ಬಂದಿದ್ರ ಮಾತು ಅಲ್ಲಿಂದ ನಿನ್ನ ತವರಮನಿಗೆ ಹೋಗ್ತಿತ್ತು. ನಿನಗ ಆ ಮನ್ಯಾಗ ಇನ್ನೂ ಭಾಳ ವರ್ಷ ಇರೂದೈತಿ."

"ಎಂಟು ದಿನಾ ನಿಮ್ಮ ಜೋಡಿ ಮಾತಾಡಲಿಲ್ಲ ಅವರು."

"ಆಕಿ ಸಿಟ್ಟು ಯಾತಕ್ಕಿತ್ತು ಅನ್ನೂದು ನನಗ ಗೊತ್ತೈತಿ. ಇಳೀತಲ್ಲ, ಬಿಡು. ಇನ್ನೊಂದು ಸ್ವಲ್ಪ ಎತ್ತಿ ಹಿಡಿ."

ಎತ್ತಿ ಹಿಡಿದೆ. ಸಿಟ್ಟು ಮೀನಿನದು, ಮತ್ತೆ ಯಾವುದರದ್ದಿರಬೇಕು ಅಂದುಕೊಂಡೆ.

ಮಾವನವರು ಮೂರು ವರ್ಷ ಆ ಪೈಪಿನ ಮುಚ್ಚಳ ತಿರುಗಿಸಿದರು. ಹೋದ ವರ್ಷ ಒಂದು ಮಧ್ಯಾಹ್ನ ಊಟ ಮುಗಿಸಿ, ಕೈ ತೊಳೆದು ಬಂದು ಕುರ್ಚಿಯಲ್ಲಿ ಕೂತವರು ಹಾಗೆಯೇ ಹೋದರು. ಅವರನ್ನು ಮಣ್ಣು ಮಾಡಿ, ಬಂದವರೆಲ್ಲ ಹೋಗಿ, ಮನೆಯಲ್ಲಿ ನಾವು ನಾವೇ ಉಳಿದ ಮೇಲೆ ಒಂದು ಸಂಜೆ ಅತ್ತೆ ರೊಟ್ಟಿಗೆ ಹಿಟ್ಟು ನಾದುತ್ತಿದ್ದರು. ಇವತ್ತು ಹೇಳದಿದ್ದರೆ ಎಂದಿಗೂ ಇಲ್ಲ ಅನಿಸಿತು.

"ಅತ್ತೀ, ಅವತ್ತ ಅಟ್ಟಾ ಹತ್ತಿ ಕೋಲು ಇಟ್ಟಾಕಿ ನಾನ್ರಿ. ಮಾವಾರ ನನ್ನ ಸಲುವಾಗಿ ಸುಳ್ಳು ಹೇಳಿದ್ರು."

ಅತ್ತೆಯವರ ಕೈ ನಿಂತಿತು. "ಅವರು ಹತ್ತಿರಲಿಲ್ಲೇನು?"

"ಇಲ್ರಿ. ಏಣಿ ಮುಟ್ಟೂ ಇರಲಿಲ್ಲ."

"ಮೀನಿನ ಸಿಟ್ಟು ಒಂದ ದಿನದ್ದವ್ವಾ," ಅಂದರು ಅತ್ತೆ. "ಆಪರೇಶನ್ ಆದ ಮ್ಯಾಲ ಮೂರು ತಿಂಗಳು ಅವರನ್ನ ಎಬ್ಬಿಸಿ, ಕೂಡಿಸಿ, ಹೆಜ್ಜಿ ಹಾಕಿಸಿದಾಕಿ ನಾನು. ಆ ಕಾಲಿಲೆ ಏಣಿ ಹತ್ತಿದ್ರಲ್ಲಾ, ನನ್ನ ದುಡತಕ್ಕ ಕಿಮ್ಮತ್ತ ಇಲ್ಲೇನು ಅಂತ ಎಂಟು ದಿನಾ ಬಾಯಿ ಬಿಡಲಿಲ್ಲ."

ಮೊದಲ ದಿನವೇ ನನ್ನ ಒಂದು ಮಾತಿನಿಂದ ಮುಗಿಯುತ್ತಿದ್ದ ಮೌನ ಅದು. ಮಾವನವರಿಗೂ ಅದು ತಿಳಿದಿತ್ತು. ಅವರ ಬಾಳಿನ ಕೊನೆಯ ಕೆಲವೇ ವರ್ಷಗಳಲ್ಲಿ ಎಂಟು ದಿನ ಹೆಂಡತಿಯ ದನಿ ಇಲ್ಲದೆ ಕೂತದ್ದು ನನ್ನ ಸಲುವಾಗಿ, ಆ ಎಂಟು ದಿನವೂ ನಾನು ಉಪ್ಪಿನ ಡಬ್ಬಿ ಎತ್ತಿಕೊಂಡು ತಿರುಗಾಡುತ್ತಿದ್ದೆ.

ಅತ್ತೆ ನನ್ನನ್ನು ಬಯ್ಯಲಿಲ್ಲ. ಹಿಟ್ಟು ಮೆತ್ತಿದ ಕೈ ಹಾಗೆಯೇ ತೊಡೆಯ ಮೇಲಿಟ್ಟುಕೊಂಡು, ಮಾವನವರು ಹೋದ ಮೇಲೆ ಮೊದಲ ಸಲ, ಗಟ್ಟಿಯಾಗಿ ಅತ್ತರು. ನಾನು ಅವರ ಬಾಜು ಕೂತೆ. ಅಂದಿನ ರೊಟ್ಟಿ ಬಡಿದದ್ದು ನಾನು.