ಬೀಗರನ್ನು ಎತ್ತುವ ತಾಲೀಮು

ಫರೀದಾಬಾದಿನ ದೇವೇಂದ್ರಪ್ಪನವರು ಐವತ್ತು ದಾಟುವವರೆಗೂ ತಮ್ಮ ದೇಹದ ಬಗ್ಗೆ ಯೋಚನೆ ಮಾಡಿದವರಲ್ಲ. ಅದು ಕುತ್ತಿಗೆಯಿಂದ ಕೆಳಗೆ ಇತ್ತು, ಕರೆದ ಕಡೆಗೆ ಬರುತ್ತಿತ್ತು, ಅಷ್ಟು ಸಾಕಾಗಿತ್ತು. ಹರಿಹರದಿಂದ ದೆಹಲಿಗೆ ಗುಮಾಸ್ತರಾಗಿ ಬಂದವರು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್ ಆಗುವವರೆಗೆ ಕೂತುಕೊಂಡೇ ಮೇಲೆ ಬಂದಿದ್ದರು. ಬೆಳಿಗ್ಗೆ ಶಟಲ್ ರೈಲಿನಲ್ಲಿ ಮೊಣಕಾಲ ಮೇಲೆ ಬ್ರೀಫ್‌ಕೇಸ್ ಇಟ್ಟು ಗೆಳೆಯರೊಂದಿಗೆ ಇಸ್ಪೀಟು ಆಡುತ್ತ ಕೂರುವುದು, ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂರುವುದು, ಚಳಿಗಾಲದ ಮಧ್ಯಾಹ್ನ ಎದುರಿನ ಹುಲ್ಲುಹಾಸಿನ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ, ಕಡಲೆಕಾಯಿ ಸುಲಿಯುತ್ತ ಕೂರುವುದು, ಸಂಜೆ ಮತ್ತೆ ರೈಲಿನಲ್ಲಿ ಕೂತು ಬೆಳಗಿನ ಆಟ ಮುಗಿಸುವುದು. ಫೈಲು ಎತ್ತಿಕೊಡಲೂ ಒಬ್ಬ ಪ್ಯೂನ್ ಇದ್ದ. ಹೊಟ್ಟೆ ಮಾತ್ರ ಯಾರಿಗೂ ಅರ್ಜಿ ಹಾಕದೆ ವರ್ಷವರ್ಷವೂ ಇನ್‌ಕ್ರಿಮೆಂಟ್ ಪಡೆಯುತ್ತ ಬಂದಿತ್ತು.

"ರೀ, ಒಂದಿಷ್ಟು ವಾಕಿಂಗ್ ಹೋಗ್ಬಾರ್ದಾ?" ಎಂದು ಹೆಂಡತಿ ರತ್ನಪ್ರಭಾ ಕೇಳಿ ಕೇಳಿ ಸೋತಿದ್ದರು. "ದಿನಾ ಪ್ಲಾಟ್‌ಫಾರಂ ಮೇಲೆ ನಡೀತೀನಲ್ಲೇ, ಅಲ್ಲೇನು ಈಜ್ತೀನಾ?" ಎಂಬ ಉತ್ತರ ಸದಾ ಸಿದ್ಧವಿರುತ್ತಿತ್ತು.

ಇಂಥ ಮನುಷ್ಯನನ್ನು ಕುರ್ಚಿಯಿಂದ ಎಬ್ಬಿಸಿದ್ದು ಡಾಕ್ಟರೂ ಅಲ್ಲ, ಹೆಂಡತಿಯೂ ಅಲ್ಲ, ಒಂದು ಸಿ.ಡಿ. ಅದು ಎರಡು ಸಾವಿರದ ಆರನೆಯ ಇಸವಿ. ಗುರ್ಗಾಂವ್‌ನ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದ ಅವರ ಒಬ್ಬಳೇ ಮಗಳು ಧನ್ಯಾ, ಜೊತೆಯಲ್ಲಿ ಕೆಲಸ ಮಾಡುವ ಗೌರವ್ ಎಂಬ ಪಂಜಾಬಿ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಮನೆಯಲ್ಲಿ ಕೆಲವು ದಿನ ಜಗಳ, ಆಮೇಲೆ ಕೆಲವು ದಿನ ಅಳು, ಆಮೇಲೆ ಒಪ್ಪಿಗೆ. ಹುಡುಗನ ಮನೆಯೂ ಫರೀದಾಬಾದಿನಲ್ಲೇ. ಅವನ ತಂದೆ ಭಾಟಿಯಾ ಅವರಿಗೆ ನಟ್ಟು ಬೋಲ್ಟು ಮಾಡುವ ಕಾರ್ಖಾನೆ ಇತ್ತು. ಆರಡಿ ಎತ್ತರ, ಬಾಗಿಲಗಲ ಎದೆ, ಮಾತಾಡಿದರೆ ಪಕ್ಕದ ಸೆಕ್ಟರಿಗೂ ಕೇಳಿಸುವ ಗಂಟಲು.

ಮಾತುಕತೆಗೆಂದು ಅವರ ಮನೆಗೆ ಹೋದಾಗ ಬೀಗರು ಉತ್ಸಾಹದಿಂದ ಹಿರಿಯ ಮಗನ ಮದುವೆಯ ಸಿ.ಡಿ. ಹಾಕಿದರು. ಪಂಜಾಬಿಗಳಲ್ಲಿ ಮಿಲನಿ ಎಂಬ ಶಾಸ್ತ್ರವಿದೆ. ಗಂಡಿನ ಮೆರವಣಿಗೆ ಛತ್ರದ ಬಾಗಿಲಿಗೆ ಬಂದಾಗ ಎರಡೂ ಕಡೆಯ ಹಿರಿಯರು ಜೋಡಿಜೋಡಿಯಾಗಿ ಹಾರ ಹಾಕಿ ಅಪ್ಪಿಕೊಳ್ಳುತ್ತಾರೆ. ಅಪ್ಪಿಕೊಂಡವರು ಸುಮ್ಮನೆ ಬಿಡುವುದಿಲ್ಲ, ಒಬ್ಬರನ್ನೊಬ್ಬರು ನೆಲದಿಂದ ಮೇಲೆತ್ತಲು ನೋಡುತ್ತಾರೆ. ಎತ್ತಿದವನು ಗೆದ್ದ, ಜನ ಚಪ್ಪಾಳೆ ತಟ್ಟುತ್ತಾರೆ. ಬರೀ ತಮಾಷೆ, ಯಾರೂ ಬೇಜಾರು ಮಾಡಿಕೊಳ್ಳಬಾರದು ಎನ್ನುತ್ತಾರೆ. ಹಾಗೆನ್ನುವವರು ಸಾಮಾನ್ಯವಾಗಿ ಎತ್ತುವವರೇ ಆಗಿರುತ್ತಾರೆ.

ಸಿ.ಡಿ.ಯಲ್ಲಿ ಭಾಟಿಯಾ ಅವರು ಹಿರಿಯ ಸೊಸೆಯ ತಂದೆಯನ್ನು, ಪಾಪ, ಸಣಕಲು ಬ್ಯಾಂಕ್ ಮ್ಯಾನೇಜರನ್ನು, ಹಿಟ್ಟಿನ ಚೀಲದಂತೆ ಎತ್ತಿ ಒಂದು ಸುತ್ತು ತಿರುಗಿಸಿದರು. ಆತನ ಒಂದು ಷೂ ಹಾರಿ ಬ್ಯಾಂಡಿನವನ ಮೇಲೆ ಬಿತ್ತು. ಮನೆಯವರೆಲ್ಲ ನಕ್ಕು, ಹಿಂದಕ್ಕೆ ತಿರುಗಿಸಿ, ಷೂ ಬೀಳುವುದನ್ನು ಮತ್ತೆ ನೋಡಿದರು. ಹಿರಿಯ ಸೊಸೆ ಟೀ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ಅವಳೂ ನಕ್ಕಳು, ಆದರೆ ಟಿ.ವಿ.ಯ ಕಡೆ ನೋಡಲಿಲ್ಲ.

"ಅಬ್ ಆಪ್‌ಕಾ ನಂಬರ್ ಹೈ, ಸಮಧೀಜಿ!" ಇನ್ನು ನಿಮ್ಮ ಸರದಿ ಬೀಗರೇ, ಎಂದು ಭಾಟಿಯಾ ದೇವೇಂದ್ರಪ್ಪನವರ ಬೆನ್ನು ತಟ್ಟಿದರು. ದೇವೇಂದ್ರಪ್ಪನವರು ಕೈಯಲ್ಲಿದ್ದ ಗುಲಾಬ್ ಜಾಮೂನಿನ ಬಟ್ಟಲನ್ನು ಕೆಳಗಿಟ್ಟರು.

ಮನೆಗೆ ಬಂದಮೇಲೆ ದೇವೇಂದ್ರಪ್ಪನವರಿಗೆ ಬೇರೆ ಯೋಚನೆಯೇ ಇಲ್ಲ. ಮದುವೆಗೆ ಹರಿಹರದಿಂದ ಅಣ್ಣ ಮರಿಯಪ್ಪ ಬರುತ್ತಾನೆ. ತಾನು ಕಾಲು ಆಡಿಸುತ್ತ ಗಾಳಿಯಲ್ಲಿ ನೇತಾಡಿದ್ದನ್ನು ಅವನು ಸಾಯುವ ತನಕ ಊರಿನ ಎಲ್ಲ ಮದುವೆಗಳಲ್ಲೂ ಹೇಳುತ್ತಾನೆ. ಅದನ್ನಾದರೂ ಸಹಿಸಬಹುದು. ಆದರೆ ನಾಳೆ ಧನ್ಯಾ ಟೀ ತಟ್ಟೆ ಹಿಡಿದು ನಿಂತಿರುವಾಗ ಆ ಮನೆಯವರು ಅವಳಪ್ಪನನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ನೋಡುವುದನ್ನು ನೆನೆದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ರೈಲಿನ ಗೆಳೆಯ ಕೃಷ್ಣಮೂರ್ತಿ ಮೈಸೂರಿನವರು, ಲೆಕ್ಕಪತ್ರ ವಿಭಾಗದವರು. ಅವರು ಇಸ್ಪೀಟಿನ ಎಲೆ ಕಲೆಸುತ್ತಲೇ ಪರಿಹಾರ ಹೇಳಿದರು. "ಸುಲಭ ಸಾರ್. ತೂಕ ಜಾಸ್ತಿ ಮಾಡ್ಕೊಳಿ. ಅವ್ರ ಕೈಲಿ ಎತ್ತೋಕೇ ಆಗ್ಬಾರ್ದು."

ಇದು ದೇವೇಂದ್ರಪ್ಪನವರ ಮನಸ್ಸಿಗೆ ಒಪ್ಪುವ ಸಲಹೆ. ಸ್ಟೇಷನ್ನಿನ ಎದುರಿನ ಆಲೂ ಪರಾಠಾಗಳ ಮೇಲೆ ಬೆಣ್ಣೆ ಹೆಚ್ಚಾಯಿತು. ಕೆಲವೇ ದಿನ. ಒಂದು ಬೆಳಿಗ್ಗೆ ರೈಲು ಬರುವ ಸದ್ದು ಕೇಳಿ ಸ್ಟೇಷನ್ನಿನ ಮೇಲ್ಸೇತುವೆಯನ್ನು ಅವಸರವಾಗಿ ಹತ್ತಿದವರು ತುದಿಗೆ ತಲುಪುವಷ್ಟರಲ್ಲಿ ಏದುಸಿರು ಬಿಡುತ್ತ ಮೆಟ್ಟಿಲ ಮೇಲೇ ಕುಸಿದು ಕೂತರು. ಎದೆ ಡೊಳ್ಳಿನಂತೆ ಬಡಿದುಕೊಳ್ಳುತ್ತಿತ್ತು. ಕೆಳಗೆ ಅವರ ರೈಲು ಅವರನ್ನು ಬಿಟ್ಟು ಹೊರಟುಹೋಯಿತು. ಆ ದಿನ ಅವರಿಗೆ ನಿಜವಾಗಿ ಭಯವಾಯಿತು. ಬೀಗರ ಭಯವಲ್ಲ, ಬೇರೆಯದು.

ಸಂಜೆ ಅವರು ಮಗಳಿಗೆ ಡಂಬೆಲ್ಸ್ ತರಲು ಹೇಳಿದರು. ಮರುದಿನದಿಂದಲೇ ಶುರು ಮಾಡಿದರು ಎಂದುಕೊಳ್ಳಬೇಡಿ. ಒಳ್ಳೆಯ ಕೆಲಸಕ್ಕೆ ಒಳ್ಳೆಯ ದಿನ ಬೇಡವೇ? ವಿಜಯದಶಮಿ ಬರಲಿ ಎಂದರು. ಆಯುಧಪೂಜೆಯ ದಿನ ಸ್ಕೂಟರಿನ ಪಕ್ಕದಲ್ಲಿ ಡಂಬೆಲ್ಸಿಗೂ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವು ಮುಡಿಸಿ, ಊದುಬತ್ತಿ ಬೆಳಗಿದ್ದಾಯಿತು. ಮರುದಿನ ಬೆಳಿಗ್ಗೆ ಹೊಸ ಟ್ರ್ಯಾಕ್‌ಸೂಟ್ ಹಾಕಿಕೊಂಡು ಹಾಲಿನಲ್ಲಿ ಚಾಪೆ ಹಾಸಿದರು. ಹರಿಹರದ ಹೈಸ್ಕೂಲಿನಲ್ಲಿ ರಥಸಪ್ತಮಿಯ ದಿನ ಡ್ರಿಲ್ ಮೇಷ್ಟ್ರು ನೂರೆಂಟು ಸೂರ್ಯನಮಸ್ಕಾರ ಹಾಕಿಸುತ್ತಿದ್ದರಂತೆ. ಹಾಕಿದರೆ ನೂರೆಂಟು, ಇಲ್ಲದಿದ್ದರೆ ಇಲ್ಲ ಎಂಬುದು ದೇವೇಂದ್ರಪ್ಪನವರ ಹಟ. ಇಪ್ಪತ್ತು ವರ್ಷದಿಂದ ಷೂ ಲೇಸು ಕಟ್ಟಲೂ ಬಗ್ಗದ ಮನುಷ್ಯ! ನೂರೆಂಟು ತಲುಪಿದರೋ ಇಲ್ಲವೋ ಅವರಿಗೇ ಗೊತ್ತು. ನಡುವೆ ಎಣಿಕೆ ಮೈಗಿಂತ ಬಹಳ ಮುಂದೆ ಓಡುತ್ತಿತ್ತೆಂದು ಅಡುಗೆಮನೆಯಲ್ಲಿದ್ದ ರತ್ನಪ್ರಭಾ ಹೇಳುತ್ತಾರೆ. ಕೊನೆಗೊಮ್ಮೆ ನೆಲ ಮುಟ್ಟಲು ಬಗ್ಗಿದವರು ಹಾಗೇ ನಿಂತುಬಿಟ್ಟರು. ತಾಯಿ ಮಗಳು ಸೇರಿ ಅವರನ್ನು ಬಗ್ಗಿದ ಭಂಗಿಯಲ್ಲೇ ಮಂಚಕ್ಕೆ ಸಾಗಿಸಬೇಕಾಯಿತು. ಆರೋಗ್ಯ ಸುಧಾರಿಸಲು ಹೋಗಿ ಸಿಕ್ ಲೀವ್ ಹಾಕಿದ ಮೊದಲ ಸೆಕ್ಷನ್ ಆಫೀಸರ್ ಇವರೇ ಇರಬೇಕು.

"ಪಪ್ಪಾ, ಏಕ್ ದಿನ್ ಮೇಂ ಕುಛ್ ನಹೀಂ ಹೋತಾ," ಎಂದಳು ಧನ್ಯಾ, ಅಪ್ಪನ ಸೊಂಟಕ್ಕೆ ಬಿಸಿನೀರಿನ ಚೀಲ ಇಡುತ್ತ. ಅವಳು ಕಂಪನಿಯ ಜಿಮ್ಮಿಗೆ ತಪ್ಪದೆ ಹೋಗುವವಳು. "ರೋಜ್ ಥೋಡಾ ಥೋಡಾ, ದಿನಾ ಸ್ವಲ್ಪ ಸ್ವಲ್ಪ. ಒಂದೇ ದಿನ ವರ್ಷದ್ದೆಲ್ಲಾ ಊಟ ಮಾಡ್ತೀರಾ?"

"ಮಾಡ್ತಾರೆ," ಎಂದರು ರತ್ನಪ್ರಭಾ.

ಸೊಂಟ ಸರಿಹೋದ ಮೇಲೆ ಮಗಳ ಪಾಠ ಶುರುವಾಯಿತು. ಮೊದಲು ಕೈಕಾಲು, ಕತ್ತು, ಸೊಂಟ ಸಡಿಲಿಸಿಕೊಂಡು ಮೈ ಬೆಚ್ಚಗೆ ಮಾಡಿಕೊಳ್ಳಬೇಕು. ಆಮೇಲೆ ಪಾರ್ಕಿನಲ್ಲಿ ಬಿರುಸಾದ ನಡಿಗೆ. ಎಷ್ಟು ಬಿರುಸು? ಜೊತೆಯವರೊಂದಿಗೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು, ಅಷ್ಟು. ಕಾಲಿಗೆ ಬಲ ಬರಲು ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು. "ಕೂರೋದು ನಿಮಗೆ ಚೆನ್ನಾಗಿ ಬರುತ್ತೆ ಪಪ್ಪಾ. ಏಳೋದೊಂದೇ ಕಲಿಬೇಕು," ಎಂದಳು. ಡಂಬೆಲ್ಸ್ ದಿನ ಬಿಟ್ಟು ದಿನ ಮಾತ್ರ, ನಡುವಿನ ದಿನ ಸ್ನಾಯುಗಳಿಗೆ ವಿಶ್ರಾಂತಿ. ಈ ನಿಯಮವೊಂದನ್ನು ದೇವೇಂದ್ರಪ್ಪನವರು ಒಮ್ಮೆಯೂ ಮುರಿಯಲಿಲ್ಲ.

ಭಾರ ಎತ್ತುವುದಕ್ಕೂ ಒಂದು ಕ್ರಮವಿತ್ತು. ಸೊಂಟ ಬಗ್ಗಿಸಬಾರದು, ಮೊಣಕಾಲು ಮಡಿಸಬೇಕು, ಬೆನ್ನು ನೆಟ್ಟಗಿರಬೇಕು, ಭಾರವನ್ನು ಎದೆಗೆ ಒತ್ತಿ ಹಿಡಿದು ಉಸಿರು ಬಿಡುತ್ತ ಕಾಲಿನ ಬಲದಿಂದ ಏಳಬೇಕು. ಇದನ್ನು ಕಲಿಯಲು ಸಿಕ್ಕಿದ್ದು ಸೋನಾ ಮಸೂರಿ ಅಕ್ಕಿಯ ಚೀಲ. ಬರಬರುತ್ತ ಆ ಚೀಲಕ್ಕೆ ಮನೆಯಲ್ಲಿ ಭಾಟಿಯಾ ಎಂದೇ ಹೆಸರಾಯಿತು. "ರೀ, ಬೀಗರನ್ನ ಸ್ವಲ್ಪ ಕೆಳಗಿಳಿಸಿ. ಅನ್ನಕ್ಕಿಡ್ಬೇಕು," ಎಂದು ರತ್ನಪ್ರಭಾ ಸೇರು ಹಿಡಿದು ಬಂದು ನಿಲ್ಲುತ್ತಿದ್ದರು.

ಡಿಸೆಂಬರಿನ ಮಂಜು ಇಳಿಯಿತು. ಪಕ್ಕದ ಮರ ಕಾಣದಷ್ಟು ದಟ್ಟವಾಗಿದ್ದ ದಿನಗಳಲ್ಲಿ ಹಾಲಿನಲ್ಲೇ ನಡೆದರು, ಉಳಿದ ದಿನ ಮಂಕಿ ಕ್ಯಾಪ್ ಹಾಕಿಕೊಂಡು ಪಾರ್ಕಿಗೆ ಹೋದರು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನಕ್ಕವರು ನಗಲಿ, ಮೈಗೆ ಮಾತ್ರ ಆ ಗಾದೆ ಗೊತ್ತಿರಲಿಲ್ಲ. ಅದು ತನ್ನ ಪಾಡಿಗೆ ರಿಪೇರಿಯಾಗುತ್ತ ಬಂತು. ಮಲಗಿದ ತಕ್ಷಣ ನಿದ್ದೆ ಹತ್ತತೊಡಗಿತು, ಗೊರಕೆ ಕಡಿಮೆಯಾಯಿತು. ಊಟದ ನಂತರದ ತೂಕಡಿಕೆ ಹೋಯಿತು. ರಕ್ತದ ಸಕ್ಕರೆ ಇಳಿದಿದೆ ಎಂದು ಡಿಸ್ಪೆನ್ಸರಿಯ ಡಾಕ್ಟರು ರಿಪೋರ್ಟನ್ನು ಎರಡು ಸಲ ತಿರುಗಿಸಿ ನೋಡಿದರು. ಸೆಕ್ಷನ್ನಿನಲ್ಲಿ ಅವರ ಸಿಡುಕು ಎಲ್ಲಿ ಹೋಯಿತೆಂದು ಕೆಳಗಿನವರು ಗುಟ್ಟಾಗಿ ಆಶ್ಚರ್ಯಪಟ್ಟರು. ಇದೆಲ್ಲ ಒಂದು ಗುಳಿಗೆಯಲ್ಲಿ ಸಿಗುತ್ತದೆ ಎಂದಿದ್ದರೆ ದೆಹಲಿಯ ಜನ ಔಷಧಿ ಅಂಗಡಿಯ ಮುಂದೆ ಕ್ಯೂ ಹಚ್ಚುತ್ತಿದ್ದರು. ಪಾರ್ಕಿನಲ್ಲಿ ಪುಕ್ಕಟೆ ಸಿಗುತ್ತದೆ ನೋಡಿ, ಅದಕ್ಕೇ ಯಾರಿಗೂ ಬೇಡ.

ಒಂದೇ ಒಂದು ತೊಂದರೆ. ಅದನ್ನು ಕಂಡುಹಿಡಿದವರು ರತ್ನಪ್ರಭಾ. "ಅಲ್ಲಾರೀ, ನೀವು ಇಳ್ದಷ್ಟೂ ಅವ್ರಿಗೆ ಎತ್ತೋದು ಸಲೀಸಾಗುತ್ತಲ್ವಾ?" ಎಂದರು. ದೇವೇಂದ್ರಪ್ಪನವರು ಮರುದಿನ ಅಕ್ಕಿಚೀಲಕ್ಕೆ ಇನ್ನಷ್ಟು ಅಕ್ಕಿ ಸುರಿದರು.

ಮದುವೆ ಫೆಬ್ರವರಿಯ ಕೊನೆಯಲ್ಲಿ. ಮುಹೂರ್ತ ಬೆಳಿಗ್ಗೆಯೇ ಆಗಬೇಕೆಂದು ಕನ್ನಡದವರು ಪಟ್ಟು ಹಿಡಿದಿದ್ದರು. ರಾತ್ರಿಯ ಬಾರಾತಿಗೆ, ಅಂದರೆ ದಿಬ್ಬಣಕ್ಕೆ, ಒಗ್ಗಿದ ಭಾಟಿಯಾ ಬಳಗ, ಹಿಂದಿನ ರಾತ್ರಿಯ ಹಾಡುಕುಣಿತ ಮುಗಿಸಿ, ಕಣ್ಣು ಮುಚ್ಚದೆಯೇ ಮೆರವಣಿಗೆ ಹೊರಟಿತು. ಢೋಲು ಬಡಿಯುತ್ತಿತ್ತು. ಭಾಟಿಯಾ ಅವರು ದಪ್ಪ ಶೇರ್ವಾನಿ ತೊಟ್ಟು, ತಲೆಗೆ ಗುಲಾಬಿ ಪೇಟ ಸುತ್ತಿ, ಏರುಬಿಸಿಲಿನಲ್ಲಿ ಬೀದಿಯುದ್ದಕ್ಕೂ ಕುಣಿದುಕೊಂಡೇ ಬಂದರು.

ಬಾಗಿಲಲ್ಲಿ ಮಿಲನಿ ಶುರುವಾಯಿತು. ಮೊದಲು ದೊಡ್ಡಪ್ಪಂದಿರು. ಮರಿಯಪ್ಪ ಬಹಳ ಜಾಣ, ಹಾರ ಹಾಕುವ ಮೊದಲೇ "ಅಯ್ಯೋ, ಸೊಂಟ" ಎಂದು ಕುರ್ಚಿ ತರಿಸಿಕೊಂಡುಬಿಟ್ಟರು. ಆಮೇಲೆ ಪುರೋಹಿತರು ತಂದೆಯಂದಿರನ್ನು ಕರೆದರು. ಕ್ಯಾಮೆರಾದವನು ಮುಂದೆ ಬಂದ. ಮೇಲಿನ ಬಾಲ್ಕನಿಯಲ್ಲಿ ಮದುಮಗಳು ಗೆಳತಿಯರ ನಡುವೆ ಬಗ್ಗಿ ನೋಡುತ್ತಿದ್ದಳು.

ಇಬ್ಬರೂ ಅಪ್ಪಿಕೊಂಡರು. ದೇವೇಂದ್ರಪ್ಪನವರು ಮೊಣಕಾಲು ಮಡಿಸಿದರು, ಬೆನ್ನು ನೆಟ್ಟಗೆ ಮಾಡಿದರು, ಬೀಗರನ್ನು ಎದೆಗೆ ಒತ್ತಿ ಹಿಡಿದು ಉಸಿರು ಬಿಡುತ್ತ ಮೇಲೆದ್ದರು. ಭಾಟಿಯಾ ಅವರ ಹಿಮ್ಮಡಿ ನೆಲ ಬಿಟ್ಟಿತು. ಆಗುತ್ತದೆ! ಇನ್ನೊಂದು ಸಲ ಒತ್ತಿದರೆ ಆ ಬೆಟ್ಟದಂಥ ಮನುಷ್ಯ ಗಾಳಿಯಲ್ಲಿರುತ್ತಾನೆ ಎಂದು ಅವರಿಗೆ ಖಚಿತವಾಯಿತು.

ಅಷ್ಟರಲ್ಲಿ ಕಿವಿಯ ಪಕ್ಕದಲ್ಲೇ ಏದುಸಿರು ಕೇಳಿಸಿತು. ಶೇರ್ವಾನಿಯ ಒಳಗಿನಿಂದ ಬೀಗರ ಎದೆ ಇವರ ಎದೆಗೇ ಬಡಿಯುತ್ತಿತ್ತು. ಇವರ ಭುಜದ ಮೇಲಿದ್ದ ಆ ದೊಡ್ಡ ಕೈಗಳು ಎತ್ತಲು ಹಿಡಿದಿರಲಿಲ್ಲ, ಬೀಳದಿರಲು ಹಿಡಿದಿದ್ದವು. ದೇವೇಂದ್ರಪ್ಪನವರಿಗೆ ಆ ಉಸಿರು ಚೆನ್ನಾಗಿ ಗೊತ್ತಿತ್ತು, ಅದರ ಒಳಗಿನ ಭಯವೂ ಗೊತ್ತಿತ್ತು. ಅವರು ಬೀಗರನ್ನು ಮೆಲ್ಲಗೆ ಕೆಳಗಿಳಿಸಿದರು. ಸುತ್ತಲೂ ಜನ "ಉಠಾವೋ! ಉಠಾವೋ!" ಎಂದು ಎತ್ತಲು ಹುರಿದುಂಬಿಸುತ್ತಿದ್ದರು. ಭಾಟಿಯಾ ಅವರು ಮುಖ ಕೆಂಪಾಗಿಸಿಕೊಂಡು ಒಮ್ಮೆ ಎತ್ತಲು ನೋಡಿದರು. ಆಗಲಿಲ್ಲ. ಇನ್ನೊಮ್ಮೆ ನೋಡಿದರು. ಕಣ್ಣಲ್ಲಿ ನಾಚಿಕೆ ಬಂತು.

ದೇವೇಂದ್ರಪ್ಪನವರು ಬೀಗರ ಭುಜದ ಮೇಲೆ ಕೈ ಊರಿ, ತಿಂಗಳುಗಟ್ಟಲೆ ಕುರ್ಚಿಯಿಂದ ಎದ್ದೂ ಎದ್ದೂ ಗಟ್ಟಿಯಾಗಿದ್ದ ಕಾಲುಗಳನ್ನು ಮಡಿಸಿ ಒಮ್ಮೆಲೇ ಮೇಲಕ್ಕೆ ಜಿಗಿದರು. ಜಿಗಿದವರು ತಮ್ಮ ತೋಳಿನ ಬಲದ ಮೇಲೇ ಒಂದು ಗಳಿಗೆ ನಿಂತು, ಕಾಲು ಆಡಿಸಿ, "ಅರೇ! ಅರೇ!" ಎಂದು ಕೂಗಿದರು. ಢೋಲು ಮೊಳಗಿತು. ಭಾಟಿಯಾ ಬಳಗ ಕೇಕೆ ಹಾಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಕುರ್ಚಿಯಲ್ಲಿ ಕೂತಿದ್ದ ಮರಿಯಪ್ಪ.

"ಯೇ ಆಪ್‌ನೇ ಕ್ಯಾ ಕಿಯಾ, ಭಾಯಿಸಾಬ್?" ಇದೇನು ಮಾಡಿದಿರಿ ಎಂದು ಭಾಟಿಯಾ ಕಿವಿಯಲ್ಲಿ ಕೇಳಿದರು. ಅವರ ದನಿ ಅಷ್ಟು ಸಣ್ಣಗೂ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

"ಪೆಹಲೇ ಬೈಠಿಯೇ. ಪಾನೀ ಪೀಜಿಯೇ," ಎಂದು ದೇವೇಂದ್ರಪ್ಪನವರು ಅವರ ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ ಫ್ಯಾನಿನ ಕೆಳಗೆ ಕೂರಿಸಿ ನೀರು ಕೊಟ್ಟರು.

ಊಟದ ಹೊತ್ತಿಗೆ ರತ್ನಪ್ರಭಾ ಸುಮ್ಮನಿರಲಿಲ್ಲ. "ಇಷ್ಟೆಲ್ಲಾ ತಾಲೀಮು ಮಾಡಿದ್ದು ಹೋಗಿ ಹೋಗಿ ಕಾಲು ಆಡಿಸೋಕಾ ರೀ?"

"ಏನ್ ಮಾಡೋದೇ, ಹಗುರ ಆಗ್ಬಿಟ್ಟಿದ್ದೆ," ಎಂದು ಅವರು ಹೋಳಿಗೆಯ ಮೇಲೆ ತುಪ್ಪ ಬಡಿಸುವವನಿಗೆ ಸಾಕೆಂದು ಕೈ ಅಡ್ಡ ಹಿಡಿದರು.

ಮಧ್ಯಾಹ್ನ ಮಗಳನ್ನು ಕಳಿಸಿಕೊಡುವ ಹೊತ್ತು ಬಂತು. ಧನ್ಯಾ ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅಮ್ಮನನ್ನು ತಬ್ಬಿದಾಗಲೂ ನಗುತ್ತಲೇ ಇದ್ದಳು. ಅಪ್ಪನನ್ನು ತಬ್ಬಿಕೊಂಡವಳು ಕಿವಿಯಲ್ಲಿ ಹೇಳಿದಳು. "ಪಪ್ಪಾ, ಮೈಂನೇ ಊಪರ್ ಸೇ ದೇಖಾ, ಬಾಲ್ಕನಿಯಿಂದ. ಅವರು ಎತ್ತಲಿಲ್ಲ. ನೀವೇ ಜಂಪ್ ಮಾಡಿದ್ರಿ."

"ಶ್! ಆ ಮನೇಲಿ ಯಾರಿಗೂ ಹೇಳ್ಬೇಡ."

ಧನ್ಯಾ ಅಪ್ಪನ ಬೆನ್ನ ಸುತ್ತ ಕೈ ಹಾಕಿ, ಬಳೆ ತುಂಬಿದ ತೋಳುಗಳನ್ನು ಬಿಗಿದು, ಭಾರಿ ಲೆಹೆಂಗಾದೊಳಗೇ ಮೊಣಕಾಲು ಮಡಿಸಿದಳು. ಬೆನ್ನು ನೆಟ್ಟಗಿತ್ತು. ದೇವೇಂದ್ರಪ್ಪನವರ ಎರಡು ಪಾದಗಳೂ ನೆಲ ಬಿಟ್ಟವು. ಸುತ್ತ ನಿಂತವರಲ್ಲಿ ಒಬ್ಬರೂ ನಗಲಿಲ್ಲ, ಮರಿಯಪ್ಪ ಕೂಡ. ಮಗಳು ಅವರ ಹೆಗಲಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಈ ಸಲ ದೇವೇಂದ್ರಪ್ಪನವರು ಜಿಗಿದಿರಲಿಲ್ಲ.