ಜಾಲರಿಯ ಒಂದು ಸರಳು

ಆ ದಿನ ನಾನು ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಹೇಳಿದ್ದರೂ ತಮ್ಮನ ಕಣ್ಣು ಉಳಿಯುತ್ತಿರಲಿಲ್ಲ, ಅದು ಆಗಲೇ ಹೋಗಿತ್ತು. ಆದರೆ ಏನೂ ತಪ್ಪು ಮಾಡದ ಒಬ್ಬ ಅಷ್ಟು ಪೆಟ್ಟು ತಿನ್ನುತ್ತಿರಲಿಲ್ಲ. ಆ ಪೆಟ್ಟುಗಳಲ್ಲಿ ಒಂದು ನನ್ನದು.

ನಾನು ಓದಿದ್ದು ಏಳನೇ ಇಯತ್ತೆ. ಸಿದ್ದಾಪುರ ಪೇಟೆಯ ಅಂಚಿನಲ್ಲಿ ನನ್ನ ವೆಲ್ಡಿಂಗ್ ಶೆಡ್. ಕೋಲಸಿರ್ಸಿಯಿಂದ ದಿನಾ ಬೈಕಿನಲ್ಲಿ ಬಂದು ಗೇಟು, ಕಿಟಕಿ ಗ್ರಿಲ್ ಮಾಡುತ್ತೇನೆ. ತಮ್ಮ ಹುಬ್ಬಳ್ಳಿಯಲ್ಲಿ ಕಾಲೇಜು ಸೇರಿದವನು ಅಲ್ಲಿ ಚಕ್ರದ ಬೂಟು ಕಟ್ಟಿಕೊಂಡು ರೋಲರ್ ಹಾಕಿ ಆಡಲು ಕಲಿತ, ಗೋಲ್‌ಕೀಪರ್ ಆದ. ವಿಶ್ವವಿದ್ಯಾಲಯಗಳ ರಾಷ್ಟ್ರಮಟ್ಟದ ಐಸ್ ಹಾಕಿ ಪಂದ್ಯಾವಳಿ ಬಂದಾಗ ಚಕ್ರದ ಬೂಟಿನ ಇದೇ ಹುಡುಗರನ್ನು ಸೇರಿಸಿ ತಂಡ ಕಟ್ಟಿದರು. ಫ್ರಿಜ್ಜಿನೊಳಗಿನದು ಬಿಟ್ಟು ಬೇರೆ ಮಂಜುಗಡ್ಡೆ ಕಂಡವರು ಅವರಲ್ಲಿ ಇಬ್ಬರೋ ಮೂವರೋ.

ಹೊರಡುವ ಹಿಂದಿನ ದಿನ ತಮ್ಮ ಹೆಲ್ಮೆಟ್ ಹಿಡಿದುಕೊಂಡು ಶೆಡ್ಡಿಗೆ ಬಂದ. ಮುಖದ ಜಾಲರಿಯ ಒಂದು ಸರಳು ಕಿತ್ತುಹೋಗಿತ್ತು.

"ಅಣ್ಣ, ಇದೊಂದು ಕೂರ್ಸಿ ಕೊಡು. ಹೊಸದು ತರೂಕೆ ಟೈಮಿಲ್ಲ."

"ಇಷ್ಟೇಯನಾ? ತಾ ಇಲ್ಲಿ."

ಗ್ರಿಲ್ ಕೆಲಸದಲ್ಲಿ ನನಗೊಂದು ರೂಢಿ ಇತ್ತು. ಕಾಣುವ ಕಡೆ ಪೂರ್ತಿ ಬೆಸುಗೆ, ಕಾಣದ ಕಡೆ ಬರೀ ಒಂದು ಚುಕ್ಕಿ. ಉಳಿದ ಸಂದಿಗೆ ಬಣ್ಣದವರು ಮೆತ್ತುವ ಬಿಳಿ ಪುಟ್ಟಿ ತುಂಬಿ, ಉಜ್ಜಿ, ಕಪ್ಪು ಬಣ್ಣ ಹೊಡೆದರೆ ಯಾರ ಅಪ್ಪನಿಗೂ ಗೊತ್ತಾಗುವುದಿಲ್ಲ. ಕಿಟಕಿಗೆ ಅಷ್ಟು ಸಾಕು. ಹೊಸ ಸರಳನ್ನು ಎರಡು ಚುಕ್ಕಿಯಲ್ಲಿ ನಿಲ್ಲಿಸಿದ್ದೆ, ಕರೆಂಟು ಹೋಯಿತು. ಒಂದು ತಾಸು ಕಾದಿದ್ದರೆ ಬರುತ್ತಿತ್ತು. ಕಾಯಲಿಲ್ಲ. ಪುಟ್ಟಿ ತುಂಬಿದೆ, ಬಣ್ಣ ಹೊಡೆದೆ.

"ಗಟ್ಟಿ ಇದ್ಯಾ?"

"ಆನೆ ತುಳಿದ್ರೂ ಎಂತಾಗೂದಿಲ್ಲ, ಹೋಗು."

ಮಂಜಿನ ಮೇಲೆ ಜಾರುವ ಸ್ಕೇಟ್ ಬೂಟಿನ ಅಲಗು ಮಸೆಯಲು ಜನ ಬೇಕೆಂದು ನನ್ನನ್ನೂ ರೈಲು ಹತ್ತಿಸಿದರು. ಉತ್ತರದ ಒಂದು ಊರು, ದೊಡ್ಡ ಸೂರಿನ ಕೆಳಗೆ ಮಂಜಿನ ನೆಲ. ಎರಡನೇ ಪಂದ್ಯ ಹಿಮ ಬೀಳುವ ಗುಡ್ಡಗಾಡಿನವರ ತಂಡದ ಮೇಲೆ. ಅವರು ನಡೆಯುವುದಕ್ಕೆ ಮೊದಲೇ ಜಾರಲು ಕಲಿತವರ ಹಾಗೆ ಬರುತ್ತಿದ್ದರು. ನಮ್ಮವರನ್ನು ಅಂಕಣದ ಸುತ್ತಿನ ಹಲಗೆಗೆ ಒತ್ತಿ ಅಪ್ಪಳಿಸಿದಾಗ ತುಂಬಿದ ಚೀಲ ಲಾರಿಯಿಂದ ಬಿದ್ದ ಸದ್ದು. ನಮ್ಮ ನಾಯಕ ಹುಬ್ಬಳ್ಳಿಯವನು, ತುಟಿಯ ರಕ್ತ ಉಗಿದು ಕೂಗಿದ: "ಬರ್ಫ ತಿಂದು ಬೆಳದೀರೇನಲೇ? ಬರ್ರಿ, ನಮ್ಮೂರ ಬಿಸಲಾಗ ಆಡೂಣು!" ಅವರಿಗೆ ಅರ್ಥವಾಗಲಿಲ್ಲ, ನಕ್ಕರು. ಅದಕ್ಕೇ ನಮ್ಮವರು ಇನ್ನಷ್ಟು ಉರಿದರು.

ಅವರ ಪೈಕಿ ಒಬ್ಬ ಸಪೂರ ಹುಡುಗ ಹತ್ತಿರದಿಂದ ಗೋಲಿಗೆ ಹೊಡೆದ. ಚೆಂಡಿನ ಬದಲಿಗಿದ್ದ ರಬ್ಬರ್ ಬಿಲ್ಲೆ ನೇರ ತಮ್ಮನ ಮುಖಕ್ಕೆ ಬಡಿಯಿತು. ಹೊಡೆದವನೂ ನಿಲ್ಲಲಾಗದೆ ಅವನ ಮೇಲೇ ಬಿದ್ದ, ಕೈಯ ಸ್ಟಿಕ್ ಮೇಲಕ್ಕೆದ್ದಿತ್ತು. ತಮ್ಮ ಕಿರುಚಿದ. ಬಿಳಿ ನೆಲದ ಮೇಲೆ ರಕ್ತ ಹರಡಿತು.

"ಸ್ಟಿಕ್ಕಿಲೇ ಕಣ್ಣಿಗೆ ಚುಚ್ಚ್ಯಾನ! ಬಿಡಬ್ಯಾಡ್ರಿ ಅವನ್ನ!" ನಾಯಕ ಅರಚಿದ.

ನಮ್ಮವರೆಲ್ಲ ಮುಗಿಬಿದ್ದರು. ಆ ಹುಡುಗನ ಹೆಲ್ಮೆಟ್ ಕಿತ್ತು ಕೂದಲು ಹಿಡಿದು ತಲೆಯನ್ನು ನೆಲಕ್ಕೆ ಗುದ್ದಿದರು. ನಾನು ಜಾರಿ, ಎದ್ದು, ತಮ್ಮನ ಬಳಿ ಹೋದೆ. ಡಾಕ್ಟರು ಅವನ ಹೆಲ್ಮೆಟ್ ಬಿಚ್ಚಿ ಪಕ್ಕಕ್ಕೆ ಎಸೆದಿದ್ದರು. ನಾನು ಕೂರಿಸಿದ ಸರಳು ಒಂದು ತುದಿ ಕಿತ್ತು ಒಳಕ್ಕೆ ಬಾಗಿತ್ತು, ಆ ತುದಿ ಕೆಂಪಾಗಿತ್ತು. ಕಿತ್ತ ಜಾಗದಲ್ಲಿ ಬಿಳಿ ಪುಟ್ಟಿ ಪುಡಿಪುಡಿ. ಕಣ್ಣಿಗೆ ಚುಚ್ಚಿದ್ದು ಸ್ಟಿಕ್ ಅಲ್ಲ.

ಆ ಹುಡುಗ ಬಾಯಿತುಂಬ ರಕ್ತವಿದ್ದರೂ, ತಾನು ಸ್ಟಿಕ್ಕಿನಿಂದ ಚುಚ್ಚಿಲ್ಲ ಎಂದು ಹಿಂದಿಯಲ್ಲಿ ಗೋಗರೆಯುತ್ತಿದ್ದ. ಅವನು ಸುಮ್ಮನಾಗಬೇಕಿತ್ತು ನನಗೆ. ಬೂಟುಗಾಲಿನಲ್ಲಿ ಪಕ್ಕೆಗೆ ಒದ್ದೆ. ಒಳಗೆ ಏನೋ ಲಟಕ್ಕೆಂದಿತು. ಸುಮ್ಮನಾದ.

ತಮ್ಮನ ಹೆಲ್ಮೆಟ್ಟನ್ನು ಅಲಗು ಮಸೆಯುವ ಗ್ರೈಂಡರಿನ ಚೀಲಕ್ಕೆ ತುರುಕಿದೆ. ಯಾರೋ ಕೇಳಿದ್ದಕ್ಕೆ ಗಲಾಟೆಯಲ್ಲಿ ಕಳೆಯಿತು ಎಂದೆ. ತಮ್ಮನ ಎಡಗಣ್ಣು ತೆಗೆದರು. ಆ ಹುಡುಗನನ್ನು ಆಟದಿಂದಲೇ ಹೊರಗಿಟ್ಟರು.

ತಮ್ಮ ಕಾಲೇಜು ಬಿಟ್ಟು ನನ್ನ ಜೊತೆ ಕೆಲಸಕ್ಕೆ ನಿಂತ. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯದು, ಸುತ್ತಿಗೆ ಬೆರಳಿಗೇ ಬೀಳುತ್ತಿತ್ತು. ಪ್ರತಿ ಏಟಿಗೂ ಆ ಹುಡುಗನ ಮನೆಯವರನ್ನೆಲ್ಲ ಬಯ್ಯುತ್ತಿದ್ದ. ನಾನು ಹೂಂ ಅನ್ನುತ್ತಿದ್ದೆ.

ಹೋದ ವರ್ಷ ಯಲ್ಲಾಪುರದಲ್ಲಿ ಒಂದು ಮನೆಯ ಮೆಟ್ಟಿಲಿಗೆ ಕಂಬಿ ಕೂರಿಸುತ್ತಿದ್ದಾಗ ತಮ್ಮನಿಗೆ ಫೋನು ಬಂತು. ಕೈಯಲ್ಲಿ ಕೆಲಸವಿತ್ತು, ಸ್ಪೀಕರಿಗೆ ಹಾಕಿದ. ಅದೇ ಹುಡುಗ. ಯಾರಿಂದಲೋ ನಂಬರು ಪಡೆದಿದ್ದನಂತೆ. ಎಲ್ಲರೂ ಹೇಳಿ ಹೇಳಿ, ಸ್ಟಿಕ್ ತಾಗಿತೇನೋ ಎಂದು ಈಗ ತನಗೇ ಅನ್ನಿಸುತ್ತಿದೆ, ಕ್ಷಮಿಸಿ ಎಂದು ಹಿಂದಿಯಲ್ಲಿ ಅಂದ. ಅಳುತ್ತಿದ್ದ.

"ಕ್ಷಮಿಸೂದಾ? ನಿನ್ನ ಊರಿಗೇ ಬತ್ತೆ. ಕಣ್ಣು ಕೀಳ್ತೆ," ತಮ್ಮ ಕೂಗಾಡಿದ.

"ಬಿಡಾ ಅವನ್ನ," ಅಂದೆ.

"ನೀ ಎಂತಕ್ಕೆ ನಡುವೆ ಬತ್ತೆ?"

"ಸ್ಟಿಕ್ ಅಲ್ಲ ಮಾರಾಯಾ. ನಾ ಕೂರ್ಸಿದ ಸರಳು. ಬರೀ ಚುಕ್ಕಿ ಹಾಕಿದ್ದೆ, ಮೇಲೆ ಪುಟ್ಟಿ. ಅವತ್ತೇ ಕಂಡಿದ್ದೆ."

ಅವನು ಕೈಯಲ್ಲಿದ್ದ ಕಂಬಿ ಕೆಳಗಿಟ್ಟ. ಆಮೇಲೆ ಹೊಡೆದ. ಮೊದಲ ಏಟಿಗೆ ನನ್ನ ತುಟಿ ಸೀಳಿತು. ಎರಡನೆಯದು ನನ್ನ ಕಿವಿಯ ಪಕ್ಕದ ಕಬ್ಬಿಣದ ಕಂಬಕ್ಕೆ ಬಿತ್ತು, ಅವನ ಬೆರಳಿನ ಗೆಣ್ಣು ಒಡೆಯಿತು. ನಾನು ಕದಲಿರಲಿಲ್ಲ, ಅವನಿಗೆ ಅಂದಾಜು ಸಿಕ್ಕಿರಲಿಲ್ಲ. ಒಡೆದ ಕೈ ಹಿಡಿದುಕೊಂಡು ಕುಕ್ಕರಿಸಿದ. ಫೋನಿನಲ್ಲಿ ಆ ಹುಡುಗ ಹಲೋ, ಹಲೋ ಎನ್ನುತ್ತಲೇ ಇದ್ದ.

ಮೊದಲು ಫೋನಿನಲ್ಲಿದ್ದ ಹುಡುಗನಿಗೆ, ನನಗೆ ಬರುವ ಅರೆಬರೆ ಹಿಂದಿಯಲ್ಲಿ ಹೇಳಿದೆ: ನಿನ್ನ ಸ್ಟಿಕ್ ತಾಗಿಲ್ಲ, ತಪ್ಪು ನನ್ನದು, ನಿನ್ನ ಪಕ್ಕೆಗೆ ಒದ್ದವನೂ ನಾನೇ, ಕ್ಷಮಿಸು. ಆಮೇಲೆ ತಮ್ಮನ ಎದುರು ನೆಲಕ್ಕೆ ಕೂತೆ.

"ತಪ್ಪಾತು ತಮಾ," ಅಂದೆ. "ನಿನ್ನ ಕಣ್ಣು ತೆಗೆದವ ನಾನು. ನಂಗೆ ಕ್ಷಮೆ ಮಾಡು."